ಹೆಸರಿಲ್ಲದ ಕೇಪಿನ ರಿವಾಲ್ವರ್: ಎಲ್ಲಿಯದು, ಯಾವ ಕಾಲದ್ದು, ಯಾವ ಗುಂಡಿನದು?

ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯವರು ಒಂದು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಬಾಗಿಲು ತಟ್ಟಿದರು. ನಾನಿರುವುದು ಅಮೆರಿಕದ ಒಹಾಯೋದಲ್ಲಿ. ಅವರ ಮಾವ ತೀರಿಕೊಂಡು ಆರು ತಿಂಗಳಾಗಿತ್ತು. ಅಟ್ಟ ಖಾಲಿ ಮಾಡುವಾಗ ಈ ಡಬ್ಬಿ ಸಿಕ್ಕಿತಂತೆ. ಒಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ರಿವಾಲ್ವರ್. ಹಿತ್ತಾಳೆಯ ಫ್ರೇಮ್, ಎಂಟು ಮೂಲೆಯ ನಳಿಗೆ, ಕಪ್ಪಾದ ಮರದ ಹಿಡಿ. 'ಇದು ಸಿವಿಲ್ ವಾರ್ ಕಾಲದ್ದು, ಅಲ್ವಾ?' ಅಂತ ಕೇಳಿದರು. ಅಂದರೆ 1861ರಿಂದ 65ರವರೆಗೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧ. ನಳಿಗೆಯ ಮೇಲೆ ಒಂದಕ್ಷರವೂ ಇರಲಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು. ಅಜ್ಜನ ಮನೆಯ ಗೋಡೆಯಲ್ಲಿ ಲೈಸೆನ್ಸಿನ ಕೇಪಿನ ಕೋವಿ ತೂಗುತ್ತಿತ್ತು. ಮೂತಿಯಿಂದ ಮದ್ದು ಸುರಿದು, ಗಜದಿಂದ ಜಡಿದು, ಹಿಂದೆ ಕೇಪು ಕೂರಿಸುವ ಕೋವಿ ಅದು. ಕೇಪು ಅಂದರೆ ಬಡಿದಾಗ ಕಿಡಿ ಹಾರಿ ಮದ್ದಿಗೆ ಬೆಂಕಿ ಕೊಡುವ ಪುಟ್ಟ ತಾಮ್ರದ ಟೊಪ್ಪಿ. ಮಲೆನಾಡು, ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೇಪಿನ ರಿವಾಲ್ವರ್ ಕೂಡ ಅದೇ ಜಾತಿ. ಒಂದು ನಳಿಗೆಯ ಹಿಂದೆ ತಿರುಗುವ ಸಿಲಿಂಡರ್, ಅದರಲ್ಲಿ ಐದೋ ಆರೋ ಚೇಂಬರ್. ಒಂದೊಂದು ಚೇಂಬರಿಗೂ ಬೇರೆ ಮದ್ದು, ಬೇರೆ ಗುಂಡು, ಬೇರೆ ಕೇಪು.

ಇಂಥ ರಿವಾಲ್ವರ್‌ಗಳಲ್ಲಿ ಇವತ್ತು ಕೈಗೆ ಸಿಗುವ ಹೆಚ್ಚಿನವು ಮೂಲದವಲ್ಲ. 1950ರ ದಶಕದ ಕೊನೆಯಿಂದ ಇಟಲಿಯಲ್ಲಿ ತಯಾರಾದ ನಕಲುಗಳು. ನಕಲು ಅಂದರೆ ಕಳಪೆ ಅಂತಲ್ಲ, ಹಳೆಯ ಮಾದರಿಯನ್ನು ನೋಡಿ ಹೊಸದಾಗಿ ಮಾಡಿದ್ದು ಅಷ್ಟೇ. ಸರಿಯಾಗಿ ನೋಡಿಕೊಂಡರೆ ಚೆನ್ನಾಗಿಯೇ ಗುಂಡು ಹಾರಿಸುತ್ತವೆ. ತೊಂದರೆ ಇರುವುದು ಗುರುತು ಅಳಿಸಿಹೋದಾಗ. ಆಗ ಜನ ಎರಡು ತಪ್ಪು ಮಾಡುತ್ತಾರೆ. ಒಂದು, ನೂರೈವತ್ತು ವರ್ಷದ ಹಳೆಯದು ಅಂದುಕೊಂಡು ಸಾವಿರಾರು ಡಾಲರ್ ಕೊಡುತ್ತಾರೆ. ಇನ್ನೊಂದು, ಅಳತೆ '.44' ಇಂಚು ಅಂತ ಯಾರೋ ಹೇಳಿದ್ದನ್ನು ನಂಬಿ ಹೊಂದದ ಗುಂಡು ತರುತ್ತಾರೆ. ಮೊದಲನೆಯದರಲ್ಲಿ ದುಡ್ಡು ಹೋಗುತ್ತದೆ. ಎರಡನೆಯದರಲ್ಲಿ ಬೆರಳೇ ಹೋಗಬಹುದು. ಆ ಬಿಸ್ಕತ್ತಿನ ಡಬ್ಬಿಯ ರಿವಾಲ್ವರನ್ನು ನಾನು ಹೇಗೆ ನೋಡಿದೆನೋ ಅದೇ ಕ್ರಮದಲ್ಲಿ ಇಲ್ಲಿ ಹೇಳುತ್ತೇನೆ.

1. ಎಲ್ಲಕ್ಕಿಂತ ಮೊದಲು: ತುಂಬಿದೆಯಾ?

ಇದನ್ನು ಮುಗಿಸದೆ ಮುಂದೆ ಹೋಗಬೇಡಿ. ಕರಿಮದ್ದು ಒಣಗಿದ್ದರೆ ಹಾಳಾಗುವುದೇ ಇಲ್ಲ. ಎಷ್ಟೋ ದಶಕ ಸುಮ್ನೆ ಬಿದ್ದಿದ್ದ ಕೋವಿಯೂ ಹಾರಬಹುದು. ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ ಸಿಗುವ ಕೇಪಿನ ರಿವಾಲ್ವರ್‌ಗಳಲ್ಲಿ ಮದ್ದು ಗುಂಡು ಹಾಗೇ ಉಳಿದಿರುವುದು ಅಪರೂಪವೇನಲ್ಲ.

ನಳಿಗೆ ಯಾರ ಕಡೆಗೂ ತಿರುಗದಿರಲಿ, ನಿಮ್ಮ ಕಡೆಗೂ ಬೇಡ. ಟ್ರಿಗರ್‌ನಿಂದ ಬೆರಳು ದೂರವಿರಲಿ. ಪಕ್ಕದಿಂದ ಸಿಲಿಂಡರಿನ ಹಿಂಭಾಗ ನೋಡಿ. ಒಂದೊಂದು ಚೇಂಬರಿನ ಹಿಂದೆ ಕೇಪು ಕೂರುವ ಚಿಕ್ಕ ತೂತಿನ ಮೊಳೆ ಇರುತ್ತದೆ, ಅದೇ ನಿಪ್ಪಲ್. ನಿಪ್ಪಲ್‌ಗಳ ಮೇಲೆ ತಾಮ್ರದ ಚಿಕ್ಕ ಟೊಪ್ಪಿಯಂಥ ಕೇಪು ಕೂತಿದ್ದರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಬಂದೂಕು ರಿಪೇರಿ ಗೊತ್ತಿರುವವರ ಕೈಗೆ ಕೊಡಿ.

ಕೇಪು ಇಲ್ಲದಿದ್ದರೆ ಸಿಲಿಂಡರ್ ಹೊರಗೆ ತೆಗೆಯಬಹುದು. ಕೋಲ್ಟ್, ರೆಮಿಂಗ್ಟನ್ ಎರಡೂ ಅಮೆರಿಕದ ಹಳೆಯ ಬಂದೂಕು ಕಂಪನಿಗಳು. ಕೋಲ್ಟ್ ಮಾದರಿಯಲ್ಲಿ ನಳಿಗೆಯ ಬುಡದಲ್ಲಿ ಅಡ್ಡಕ್ಕೆ ಒಂದು ಕಬ್ಬಿಣದ ಬೆಣೆ ಇರುತ್ತದೆ. ಹ್ಯಾಮರನ್ನು (ಕೇಪಿಗೆ ಬಡಿಯುವ ಸುತ್ತಿಗೆ) ಅರ್ಧ ಎಳೆದು ನಿಲ್ಲಿಸಿ. ಮರದ ತುಂಡಿನಿಂದ ಬೆಣೆಯನ್ನು ಮೆಲ್ಲಗೆ ಬಡಿದು ಸರಿಸಿ. ನಳಿಗೆ ಮುಂದಕ್ಕೆ ಕಳಚಿ ಬರುತ್ತದೆ, ಹಿಂದೆಯೇ ಸಿಲಿಂಡರ್ ಕೂಡ. ರೆಮಿಂಗ್ಟನ್ ಮಾದರಿಯಲ್ಲಿ ಹ್ಯಾಮರ್ ಅರ್ಧ ಎಳೆದು, ನಳಿಗೆಯಡಿಯ ಲಿವರ್ (ಗುಂಡನ್ನು ಚೇಂಬರಿಗೆ ಒತ್ತುವ ಲೋಡಿಂಗ್ ಲಿವರ್) ಇಳಿಸಿ, ನಡುವಿನ ಕಡ್ಡಿಯನ್ನು ಮುಂದಕ್ಕೆ ಎಳೆದರೆ ಸಿಲಿಂಡರ್ ಪಕ್ಕಕ್ಕೆ ಜಾರುತ್ತದೆ.

ಈಗ ಪೆನ್ಸಿಲಿನಷ್ಟು ದಪ್ಪದ ಮರದ ಕಡ್ಡಿಯನ್ನು ಒಂದೊಂದು ಚೇಂಬರಿಗೂ ಇಳಿಸಿ. ಎಲ್ಲಿಯವರೆಗೆ ಹೋಯಿತೋ ಉಗುರಿನಲ್ಲಿ ಹಿಡಿದು, ಸಿಲಿಂಡರಿನ ಹೊರಗೆ ಇಟ್ಟು ನೋಡಿ. ನಿಪ್ಪಲ್‌ನ ಬುಡದ ಹತ್ತಿರದವರೆಗೆ ಹೋಗಿದ್ದರೆ ಖಾಲಿ. ಅರ್ಧದಲ್ಲೇ ನಿಂತರೆ ಏನೋ ಇದೆ. ಒಂದು ಚೇಂಬರ್ ಮಾತ್ರ ಬೇರೆ ಅಳತೆ ತೋರಿಸಿದರೂ ತುಂಬಿದೆ ಅಂತಲೇ ತಿಳಿಯಿರಿ. ಕೊರೆಯುವುದು, ಕಾಯಿಸುವುದು ಯಾವುದೂ ಬೇಡ.

ಪಕ್ಕದ ಮನೆಯ ರಿವಾಲ್ವರಿನಲ್ಲಿ ಐದು ಚೇಂಬರ್ ಖಾಲಿ ಇದ್ದವು. ಆರನೆಯದರಲ್ಲಿ ಕಡ್ಡಿ ಅರ್ಧಕ್ಕೇ ನಿಂತಿತು. ಎದೆ ಝಲ್ಲೆಂದಿತು. ಸಿಲಿಂಡರನ್ನು ಊರಿನ ಬಂದೂಕು ರಿಪೇರಿಯವರಿಗೆ ಕೊಟ್ಟೆವು. ಅವರು ತೆಗೆದಾಗ ಅಲ್ಲಿದ್ದದ್ದು ಹಳೆಯ ಗ್ರೀಸಿನ ಗಟ್ಟಿ ಉಂಡೆ. ಹಾಗಾದರೂ ಕೊಟ್ಟಿದ್ದೇ ಸರಿ, ನೋಡದೆ ಅದು ಗ್ರೀಸೋ ಮದ್ದೋ ಹೇಳಲಾಗುವುದಿಲ್ಲ.

2. ಆಕಾರ ನೋಡಿ: ನೆತ್ತಿ ತೆರೆದಿದೆಯಾ, ಮುಚ್ಚಿದೆಯಾ?

ಅಕ್ಷರ ಹುಡುಕುವ ಮೊದಲು ಆಕಾರ ನೋಡುವುದು ಒಳ್ಳೆಯದು. ಅಕ್ಷರ ಅಳಿಸಬಹುದು, ಆಕಾರ ಅಳಿಸಲಾಗದು.

ಸಿಲಿಂಡರಿನ ಮೇಲೆ ಕಬ್ಬಿಣದ ಪಟ್ಟಿ ಇಲ್ಲದೆ ನೆತ್ತಿ ತೆರೆದಿದ್ದರೆ, ನಳಿಗೆಗೆ ಬೆಣೆ ಇದ್ದರೆ, ಅದು ಕೋಲ್ಟ್ ಮಾದರಿ. ಮೇಲೆ ಗಟ್ಟಿ ಪಟ್ಟಿ ಹಾದುಹೋಗಿ ಫ್ರೇಮ್ ಪೂರ್ತಿ ಚೌಕಟ್ಟಿನಂತಿದ್ದರೆ ಹೆಚ್ಚಾಗಿ ರೆಮಿಂಗ್ಟನ್ ಮಾದರಿ. ಬೇರೆಯವೂ ಇವೆ. ಒಂಬತ್ತು ಚೇಂಬರಿನ ನಡುವೆ ದಪ್ಪ ಚರೆ ನಳಿಗೆ ಇರುವ ಲೆಮ್ಯಾಟ್ ಕಂಡರೆ ಮರೆಯಲಾಗುವುದಿಲ್ಲ. ಆದರೆ ಹೆಸರಿಲ್ಲದೆ ಸಿಗುವುದರಲ್ಲಿ ಕೋಲ್ಟ್ ಮತ್ತು ರೆಮಿಂಗ್ಟನ್ ನಕಲುಗಳೇ ಜಾಸ್ತಿ.

ಕೋಲ್ಟ್ ಮಾದರಿ ಎಂದಾದರೆ ನಳಿಗೆ ನೋಡಿ. ಎಂಟು ಮೂಲೆ, ಏಳೂವರೆ ಇಂಚು ಉದ್ದ, ಹಿಂದೆ ಮುಂದೆ ಒಂದೇ ದಪ್ಪದ ಸಿಲಿಂಡರ್, ಆರು ಚೇಂಬರ್ ಇದ್ದರೆ 1851ರ ನೇವಿ. ನಳಿಗೆ ದುಂಡಗೆ, ಎಂಟು ಇಂಚು ಇದ್ದು, ಸಿಲಿಂಡರಿನ ಮುಂಭಾಗ ದಪ್ಪವಾಗಿ ಹಿಂಭಾಗ ಒಂದು ಮೆಟ್ಟಿಲಿನಂತೆ ಸಣ್ಣಗಾಗಿದ್ದರೆ 1860ರ ಆರ್ಮಿ. ದುಂಡು ನಳಿಗೆ, ಏಳೂವರೆ ಇಂಚು, ಸಿಲಿಂಡರ್ ಮೆಟ್ಟಿಲಿಲ್ಲದೆ ನೇರ ಇದ್ದರೆ 1861ರ ನೇವಿ. ಅಂಗೈಯಲ್ಲಿ ಕೂರುವ ಚಿಕ್ಕದಾದರೆ 1849ರ ಪಾಕೆಟ್. ಎರಡು ಕೈಯಲ್ಲಿ ಹಿಡಿಯಬೇಕೆನಿಸುವಷ್ಟು ಭಾರವಾಗಿದ್ದು ನಳಿಗೆ ಒಂಬತ್ತು ಇಂಚು ಇದ್ದರೆ 1847ರ ವಾಕರ್. ಅದರ ತೂಕವೇ ಎರಡು ಕಿಲೋ ದಾಟುತ್ತದೆ.

ರೆಮಿಂಗ್ಟನ್‌ನದು ಇನ್ನೊಂದು ಕಥೆ. ಎಲ್ಲರೂ ಅದನ್ನು '1858' ಅನ್ನುತ್ತಾರೆ. ನಳಿಗೆಯ ಮೇಲೆ 1858ರ ಸೆಪ್ಟೆಂಬರ್ 14ರ ಪೇಟೆಂಟ್ ದಿನಾಂಕ ಕೊರೆದಿರುತ್ತಿದ್ದರಿಂದ ಆ ಹೆಸರು ಬಿತ್ತು. ನಾವು ಇವತ್ತು ಹೆಚ್ಚಾಗಿ ನೋಡುವ 'ನ್ಯೂ ಮಾಡೆಲ್ ಆರ್ಮಿ' ತಯಾರಾಗಲು ಶುರುವಾಗಿದ್ದು 1863ರಲ್ಲಿ. ಆದ್ದರಿಂದ ರಿವಾಲ್ವರಿನ ಮೇಲೆ 1858 ಅಂತ ಕಂಡರೆ ಅದು ಹುಟ್ಟಿದ ವರ್ಷವಲ್ಲ. ನಕಲುಗಳ ಮೇಲೂ ಇದೇ ವರ್ಷ ಕಾಣಬಹುದು.

ಹಿತ್ತಾಳೆ ಫ್ರೇಮ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಿವಿಲ್ ವಾರ್ ಸಮಯದಲ್ಲಿ ದಕ್ಷಿಣದ ರಾಜ್ಯಗಳಿಗೆ ಉಕ್ಕಿನ ಬರ ಇತ್ತು. ಜಾರ್ಜಿಯಾದ ಗ್ರಿಸ್ವೋಲ್ಡ್‌ವಿಲ್‌ನಲ್ಲಿ ಗ್ರಿಸ್ವೋಲ್ಡ್ ಮತ್ತು ಗನಿಸನ್ ಕಾರ್ಖಾನೆ ಕೋಲ್ಟ್ ನೇವಿಯನ್ನೇ ನೋಡಿಕೊಂಡು ಹಿತ್ತಾಳೆ ಬಣ್ಣದ ಫ್ರೇಮಿನ .36 ರಿವಾಲ್ವರ್ ಮಾಡಿತು. ಅದರ ನಳಿಗೆ ದುಂಡಗಿತ್ತು. 1864ರ ನವೆಂಬರಿನಲ್ಲಿ ಉತ್ತರದ ಸೈನ್ಯ ಆ ಊರನ್ನೇ ಸುಟ್ಟಿತು. ಹಾಗಾಗಿ ಹಿತ್ತಾಳೆ ಫ್ರೇಮ್, ದುಂಡು ನಳಿಗೆ, .36 ಇದ್ದರೆ ಅದು ನಿಜವಾಗಿದ್ದ ರಿವಾಲ್ವರಿನ ನಕಲು ಆಗಿರಬಹುದು. ಹಿತ್ತಾಳೆ ಫ್ರೇಮ್, ಎಂಟು ಮೂಲೆ ನಳಿಗೆ, .44 ಇದ್ದರೆ? ಅಂಥ ಕೋಲ್ಟ್ ನೇವಿ ಚರಿತ್ರೆಯಲ್ಲಿ ಇರಲೇ ಇಲ್ಲ. ನೇವಿಯ ಫ್ರೇಮಿಗೆ .44 ಚೇಂಬರ್ ಹಿಡಿಸಲು ನಕಲು ತಯಾರಕರು 1860ರ ಆರ್ಮಿಯ ಮೆಟ್ಟಿಲು ಸಿಲಿಂಡರ್ ಉಪಾಯವನ್ನು ಎರವಲು ತಂದರು. ದೊಡ್ಡ ಗುಂಡು ಅಂದರೆ ಹೆಚ್ಚು ಜನ ಕೊಳ್ಳುತ್ತಾರಲ್ಲ, ಅದಕ್ಕೆ.

ನಮ್ಮ ಡಬ್ಬಿಯದರಲ್ಲಿ ಈ ಮೂರೂ ಇದ್ದವು. ಹಿತ್ತಾಳೆ ಫ್ರೇಮ್, ಎಂಟು ಮೂಲೆ, ಸಿಲಿಂಡರಿನಲ್ಲಿ ಮೆಟ್ಟಿಲು. ಒಂದು ಅಕ್ಷರ ಓದುವ ಮೊದಲೇ ಅದು ಇಪ್ಪತ್ತನೆಯ ಶತಮಾನದ್ದು ಅಂತ ಗೊತ್ತಾಗಿತ್ತು. ಹೇಳುವಾಗ ಅವರ ಮುಖ ಸಪ್ಪಗಾಯಿತು, ನನಗೂ ಬೇಜಾರಾಯಿತು.

3. ಗುರುತು ಎಲ್ಲಿ ಅಡಗಿರುತ್ತದೆ

ಗುರುತು ಯಾಕೆ ಇರುವುದಿಲ್ಲ? ಮುಖ್ಯವಾಗಿ ಮೂರು ಕಾರಣ. ಮೊದಲನೆಯದು ಕಿಟ್. 1970, 80ರ ದಶಕಗಳಲ್ಲಿ ಅರ್ಧ ಮುಗಿದ ಬಿಡಿಭಾಗಗಳನ್ನು ಡಬ್ಬಿಯಲ್ಲಿ ಮಾರುತ್ತಿದ್ದರು. ಕೊಂಡವರು ಮನೆಯಲ್ಲಿ ಅರ ಹಾಕಿ, ಉಜ್ಜಿ, ಬಣ್ಣ ಹಿಡಿಸಿ ಜೋಡಿಸುತ್ತಿದ್ದರು. ಉಜ್ಜುವಾಗ ಅಕ್ಷರವೂ ಹೋಗುತ್ತಿತ್ತು. ಎರಡನೆಯದು, ಸಿವಿಲ್ ವಾರ್ ಕದನಗಳನ್ನು ವೇಷ ಕಟ್ಟಿ ಆಡಿ ತೋರಿಸುವವರು ಹೊಸ ಕಾಲದ ಅಕ್ಷರ ಕಾಣಬಾರದೆಂದು ಬೇಕೆಂದೇ ಅಳಿಸುತ್ತಾರೆ. ಮೂರನೆಯದು ಮೋಸ. ಅಕ್ಷರ ಅಳಿಸಿ, ತುಕ್ಕು ಹಿಡಿಸಿ, ಹಳೆಯದೆಂದು ಮಾರುವುದು.

ಏನೇ ಆದರೂ ಎಲ್ಲ ಕಡೆಯೂ ಅಳಿಸುವುದು ಕಷ್ಟ. ಒಳ್ಳೆಯ ಬೆಳಕು, ಒಂದು ಭೂತಗನ್ನಡಿ, ಒಂದು ಹಳೆಯ ಹಲ್ಲುಜ್ಜುವ ಬ್ರಷ್ ಇಟ್ಟುಕೊಳ್ಳಿ. ಮೊದಲು ಲೋಡಿಂಗ್ ಲಿವರ್ ಕೆಳಗಿಳಿಸಿ ನಳಿಗೆಯ ಹೊಟ್ಟೆ ನೋಡಿ. ಲಿವರ್ ಮುಚ್ಚಿಕೊಳ್ಳುವ ಆ ಜಾಗಕ್ಕೆ ಅರ ಹೋಗುವುದೇ ಇಲ್ಲ. ಆಮೇಲೆ ಫ್ರೇಮಿನ ಎರಡೂ ಪಕ್ಕ, ಸಿಲಿಂಡರಿನ ಹಿಂಭಾಗ, ಟ್ರಿಗರ್ ಗಾರ್ಡಿನ ಒಳಮೈ. ಕೊನೆಗೆ ಮರದ ಹಿಡಿ ಬಿಚ್ಚಿ ಒಳಗಿನ ಲೋಹದ ಪಟ್ಟಿ ನೋಡಿ. ದೀಪವನ್ನು ಮೇಲಿಂದ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಅರ್ಧ ಅಳಿಸಿದ ಅಕ್ಷರದ ನೆರಳು ಎದ್ದು ಕಾಣುತ್ತದೆ. ಊರಲ್ಲಿ ವೀರಗಲ್ಲಿನ ಸವೆದ ಅಕ್ಷರ ಓದಲು ಸಂಜೆ ಬಿಸಿಲಿಗೆ ಕಾಯುತ್ತಾರಲ್ಲ, ಹಾಗೆ.

4. ಇಟಲಿಯ ಮುದ್ರೆ ಓದುವುದು

ಇಟಲಿಯಲ್ಲಿ ಲೊಂಬಾರ್ಡಿಯ ಬ್ರೆಶಾ ಜಿಲ್ಲೆಯಲ್ಲಿ ಗಾರ್ಡೋನೆ ವಾಲ್ ಟ್ರೊಂಪಿಯಾ ಅಂತ ಒಂದು ಊರಿದೆ. ನೂರಾರು ವರ್ಷಗಳಿಂದ ಬಂದೂಕು ಮಾಡುವುದೇ ಆ ಕಣಿವೆಯ ಕಸುಬು. ಉಬೆರ್ಟಿ, ಪಿಯೆಟ್ಟಾ, ಆರ್ಮಿ ಸಾನ್ ಮಾರ್ಕೊ, ಯೂರೋಆರ್ಮ್ಸ್ ಎಂಬ ನಕಲು ತಯಾರಿಸುವ ಕಂಪನಿಗಳೆಲ್ಲ ಬ್ರೆಶಾ ಸುತ್ತಮುತ್ತಲಿನವೇ. ಅಲ್ಲಿ ತಯಾರಾದ ಪ್ರತಿ ಬಂದೂಕು ಸರ್ಕಾರಿ ಪರೀಕ್ಷಾ ಮನೆಗೆ ಹೋಗಿ, ಜಾಸ್ತಿ ಮದ್ದು ಹಾಕಿ ಹಾರಿಸಿ ನೋಡಿಸಿಕೊಂಡು ಮುದ್ರೆ ಹಾಕಿಸಿಕೊಂಡೇ ಹೊರಗೆ ಬರಬೇಕು.

ನಕ್ಷತ್ರವಿರುವ ಚಿಕ್ಕ ಲಾಂಛನ, ಅದರ ಕೆಳಗೆ ಇಂಗ್ಲಿಷಿನ ಪಿ, ಎನ್ ಅಕ್ಷರ ಕಂಡರೆ ಅದು ಕರಿಮದ್ದಿನ ಪರೀಕ್ಷೆಯ ಮುದ್ರೆ. ಇಟಾಲಿಯನ್‌ನಲ್ಲಿ 'ಪೋಲ್ವೆರೆ ನೇರಾ' ಅಂದರೆ ಕರಿಪುಡಿ, ಕರಿಮದ್ದು. ಈ ಎರಡಕ್ಷರ ಸಿಕ್ಕಿತೆಂದರೆ ಹಳೆಯ ಅಮೆರಿಕದ್ದೋ ಅಲ್ಲವೋ ಎಂಬ ವಾದ ಮುಗಿಯಿತು. ಅದರ ಹತ್ತಿರವೇ ಸಾಮಾನ್ಯವಾಗಿ ಒಂದು ಪುಟ್ಟ ಚೌಕ, ಅದರೊಳಗೆ ಒಂದೆರಡು ಅಕ್ಷರ ಇರುತ್ತವೆ. ಅದೇ ವರ್ಷದ ಗುಟ್ಟು.

1954ರಿಂದ ರೋಮನ್ ಅಂಕಿ ಬಳಸಿದರು. 1954ಕ್ಕೆ ರೋಮನ್ ಹತ್ತು, 1964ಕ್ಕೆ ಇಪ್ಪತ್ತು, 1970ಕ್ಕೆ ಇಪ್ಪತ್ತಾರು, 1974ಕ್ಕೆ ಮೂವತ್ತು. ಅಂದರೆ ರೋಮನ್ ಅಂಕಿಗೆ 1944 ಕೂಡಿಸಿದರೆ ವರ್ಷ ಸಿಗುತ್ತದೆ. 1975ರಿಂದ ಜೋಡಿ ಅಕ್ಷರ ಶುರುವಾಯಿತು. ಎ-ಎ ಅಂದರೆ 1975, ಎ-ಬಿ 1976, ಎ-ಸಿ 1977, ಹೀಗೆ. ಮುಂದೆ ಕೆಲವು ಅಕ್ಷರಗಳನ್ನು ಬಿಟ್ಟಿದ್ದಾರೆ, ಆದ್ದರಿಂದ ಬೆರಳೆಣಿಸಿ ಲೆಕ್ಕ ಹಾಕಬೇಡಿ. ಎ-ಝೆಡ್ 1990ಕ್ಕೆ ಬರುತ್ತದೆ. ಬಿ-ಎ 1991, ಬಿ-ಝೆಡ್ 2005, ಸಿ-ಎ 2006. ಈ ಗಡಿಗಳು ನೆನಪಿದ್ದರೆ ಕಾಲ ಅಂದಾಜಾಗುತ್ತದೆ.

ತಯಾರಕರ ಗುರುತು ಇನ್ನೂ ಚಿಕ್ಕದು. ವಜ್ರಾಕೃತಿಯೊಳಗೆ ಎಫ್, ಎ, ಪಿ ಇದ್ದರೆ ಪಿಯೆಟ್ಟಾ. ಎ, ಎಸ್, ಎಮ್ ಇದ್ದರೆ ಆರ್ಮಿ ಸಾನ್ ಮಾರ್ಕೊ. ಶುರುವಿನ ಕಾಲದವುಗಳಲ್ಲಿ ಜಿ, ಯು ಕಂಡರೆ ಗ್ರೆಗೊರೆಲ್ಲಿ ಮತ್ತು ಉಬೆರ್ಟಿ. ಅಮೆರಿಕದ ವಾಲ್ ಫೋರ್ಗೆಟ್ ಅನ್ನುವವರು ಇಟಲಿಗೆ ಹೋಗಿ ಇವರಿಂದ ಮಾಡಿಸಿದ ರಿವಾಲ್ವರ್‌ಗಳಿಂದಲೇ ಈ ನಕಲುಗಳ ಕಾಲ ಆರಂಭವಾಯಿತು ಅನ್ನಬಹುದು. ಅವರ ಕಂಪನಿ ನೇವಿ ಆರ್ಮ್ಸ್. ನಳಿಗೆ ಮೇಲೆ ದೊಡ್ಡದಾಗಿ ಕಾಣುವ ಹೆಸರು ಎಷ್ಟೋ ಸಲ ತರಿಸಿಕೊಂಡು ಮಾರಿದ ಅಂಗಡಿಯದು, ಮಾಡಿದವರದ್ದಲ್ಲ. ಇದು ಗೊತ್ತಿಲ್ಲದೆ ಬಿಡಿಭಾಗ ತರಿಸಿ ಹೊಂದದೆ ಒದ್ದಾಡುವವರು ಜಾಸ್ತಿ. ಬಿಡಿಭಾಗಕ್ಕೆ ಯಾವಾಗಲೂ ಮಾಡಿದವರ ಗುರುತನ್ನೇ ಹಿಡಿಯಿರಿ.

ಬೆಲ್ಜಿಯಂನ ಲಿಯೇಜ್‌ನಲ್ಲಿ 'ಸೆಂಟೋರ್' ಅನ್ನುವ 1860 ಆರ್ಮಿ ನಕಲು ಮಾಡುತ್ತಿದ್ದರು. ಅವುಗಳ ಮೇಲೆ ಕಿರೀಟದ ಕೆಳಗೆ ಅಂಡಾಕಾರದೊಳಗೆ ಇ, ಎಲ್, ಜಿ ಅಕ್ಷರಗಳು ಇರುತ್ತವೆ. ಸ್ಪೇನಿನವೂ ಸಿಗುತ್ತವೆ.

ಡಬ್ಬಿಯ ರಿವಾಲ್ವರಿನ ಲಿವರ್ ಇಳಿಸಿದಾಗ ಮೊದಲು ಕಂಡಿದ್ದು ಹಳೆಯ ಎಣ್ಣೆಯ ಜಿಡ್ಡು. ಬ್ರಷ್ಷಿನಿಂದ ಉಜ್ಜಿ ಮೊಬೈಲ್ ಟಾರ್ಚ್ ಓರೆ ಹಿಡಿದೆ. ನಕ್ಷತ್ರದ ಎರಡು ತುದಿ, ಎನ್ ಅಕ್ಷರದ ಒಂದು ಕಾಲು, ಚೌಕದ ಮೂರು ಬದಿ. ಚೌಕದೊಳಗೆ ಎ, ಪಕ್ಕದಲ್ಲಿ ಬಾಯಿ ತೆರೆದ ಸಿ. 1977. ಹಿಡಿ ಬಿಚ್ಚಿದಾಗ ಹಿತ್ತಾಳೆಯ ಮೇಲೆ ಅರದ ಒರಟು ಗೀರುಗಳು ಹಾಗೇ ಇದ್ದವು. ಕಾರ್ಖಾನೆಯಲ್ಲಿ ಹಾಗೆ ಬಿಡುವುದಿಲ್ಲ. ಮನೆಯಲ್ಲಿ ಕೂತು ಮಾಡಿದ ಕಿಟ್ ಅದು. 'ಮಾವ ಗ್ಯಾರೇಜಿನಲ್ಲಿ ರಾತ್ರಿ ಏನೋ ಉಜ್ಜುತ್ತಿದ್ದರು ಅಂತ ನನ್ನ ಹೆಂಡತಿ ಹೇಳುತ್ತಿದ್ದಳು' ಅಂದರು. ಆಗ ಅವರ ಮುಖ ಮತ್ತೆ ಅರಳಿತು.

5. ಏನೂ ಸಿಗದಿದ್ದರೆ

ಮುದ್ರೆ ಒಂದೂ ಸಿಗದಿದ್ದರೆ ತಿರುಪುಗಳನ್ನು ನೋಡಿ. ಒಂದು ನಿಪ್ಪಲ್ ಬಿಚ್ಚಿ ಅದರ ಎಳೆ ಅಳೆಯಿರಿ. ಇಟಲಿಯ ಹೆಚ್ಚಿನ ನಕಲುಗಳಲ್ಲಿ ಅದು 6 ಮಿಲಿಮೀಟರ್ ದಪ್ಪ, ಎಳೆಯಿಂದ ಎಳೆಗೆ 0.75 ಮಿಲಿಮೀಟರ್. ಸಿವಿಲ್ ವಾರ್ ಕಾಲದ ಅಮೆರಿಕದಲ್ಲಿ ಮಿಲಿಮೀಟರ್ ಲೆಕ್ಕದ ತಿರುಪು ಎಲ್ಲಿಂದ ಬರಬೇಕು?

ಇನ್ನು ಮೂಲ ಕೋಲ್ಟ್‌ಗಳ ಲಕ್ಷಣ. ನಳಿಗೆ, ಫ್ರೇಮ್, ಟ್ರಿಗರ್ ಗಾರ್ಡ್, ಹಿಡಿಯ ಪಟ್ಟಿ ಎಲ್ಲದರ ಮೇಲೂ ಒಂದೇ ಕ್ರಮಸಂಖ್ಯೆ ಇರುತ್ತದೆ. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಏಳು ಸುರುಳಿ ಗೀರು, ಅವುಗಳ ತಿರುವು ಮೂತಿಯ ಕಡೆ ಹೋದಂತೆ ಬಿಗಿಯಾಗುತ್ತದೆ. ನೇವಿಯ ಸಿಲಿಂಡರಿನ ಮೇಲೆ ಹಡಗುಗಳ ಕಾಳಗದ ಚಿತ್ರವಿರುತ್ತದೆ. ಅದು 1843ರ ಮೇ 16ರಂದು ಟೆಕ್ಸಸ್ ನೌಕಾಪಡೆ ಮೆಕ್ಸಿಕೊದ ಹಡಗುಗಳ ಜೊತೆ ಕಾಂಪೇಚೆ ಬಳಿ ನಡೆಸಿದ ಕಾಳಗ. 'ನೇವಿ' ಎಂಬ ಹೆಸರು ಅಂಟಿಕೊಂಡಿದ್ದು ಈ ಚಿತ್ರದಿಂದ. ಒಳ್ಳೆಯ ನಕಲುಗಳ ಮೇಲೂ ಈ ಚಿತ್ರ ಇರುತ್ತದೆ, ಕಿಟ್‌ಗಳಲ್ಲಿ ಎಷ್ಟೋ ಸಲ ಬೋಳು. ಈ ಲಕ್ಷಣಗಳೆಲ್ಲ ಕೂಡಿ ಬಂದರೆ ಮಾತ್ರ ಹಳೆಯ ಆಯುಧಗಳ ಪರಿಣತರಿಗೆ ತೋರಿಸಿ. ಅಲ್ಲಿಯವರೆಗೆ ಉಜ್ಜಬೇಡಿ, ಪಾಲಿಶ್ ಹಾಕಬೇಡಿ. ನಿಜವಾಗಿಯೂ ಮೂಲದ್ದಾಗಿದ್ದರೆ ಆ ಕಂದು ಬಣ್ಣದಲ್ಲೇ ಅರ್ಧ ಬೆಲೆ ಇರುತ್ತದೆ.

6. .36, .44: ಈ ಅಂಕಿ ಏನು ಹೇಳುತ್ತದೆ?

ಎಲ್ಲರೂ ಎಡವುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ನಮ್ಮೂರಲ್ಲಿ '12 ಬೋರ್' ಅನ್ನುತ್ತೇವಲ್ಲ, ಅದು ಇಂಚಿನ ಲೆಕ್ಕವಲ್ಲ. ಒಂದು ಪೌಂಡ್ ಸೀಸದಲ್ಲಿ ಒಂದೇ ಸಮದ 12 ಗುಂಡು ಎರಕ ಹೊಯ್ದರೆ ಒಂದು ಗುಂಡು ಎಷ್ಟು ದಪ್ಪವೋ ನಳಿಗೆ ಅಷ್ಟು ಅಗಲ. ಅದಕ್ಕೇ 16 ಬೋರ್ ಅಂದರೆ 12ಕ್ಕಿಂತ ಸಣ್ಣದು. ಇಂಗ್ಲೆಂಡಿನಲ್ಲಿ ಕೇಪಿನ ರಿವಾಲ್ವರ್‌ಗಳಿಗೂ ಇದೇ ಲೆಕ್ಕ ಇತ್ತು. ಅಲ್ಲಿನ '54 ಬೋರ್' ರಿವಾಲ್ವರ್ ಇಂಚಿನಲ್ಲಿ ಹೇಳಿದರೆ .44 ಹತ್ತಿರ.

ಅಮೆರಿಕದವರು ಇಂಚಿನ ಲೆಕ್ಕ ಹಿಡಿದರು. .44 ಅಂದರೆ ನೂರರಲ್ಲಿ 44 ಪಾಲು ಇಂಚು, ಸುಮಾರು 11.2 ಮಿಲಿಮೀಟರ್. ಆದರೆ ಯಾವುದರ ಅಗಲ? ನಳಿಗೆಯನ್ನು ಮೊದಲು ನೇರವಾಗಿ ಕೊರೆಯುತ್ತಾರೆ. ಆ ತೂತಿನ ಅಗಲವೇ ಹೆಸರು. ಆಮೇಲೆ ಒಳಗೆ ಸುರುಳಿ ಗೀರು ಹಾಕುತ್ತಾರೆ. ಗೀರಿನ ತಳದಿಂದ ತಳಕ್ಕೆ ಅಳೆದರೆ ಅಗಲ ಜಾಸ್ತಿ. ಗೀರುಗಳ ನಡುವಿನ ಏಣಿನಿಂದ ಏಣಿಗೆ ಅಳೆದರೆ ಹೆಸರಿನ ಅಂಕಿ. ಗುಂಡು ಗೀರಿನ ತಳ ಮುಟ್ಟುವಷ್ಟು ದಪ್ಪ ಇರಬೇಕು. ಆದ್ದರಿಂದ ಗುಂಡು ಯಾವಾಗಲೂ ಹೆಸರಿಗಿಂತ ದೊಡ್ಡದು.

.31 ರಿವಾಲ್ವರಿಗೆ ಸಾಮಾನ್ಯವಾಗಿ .319ರಿಂದ .323 ಇಂಚಿನ ಗುಂಡು. .36ಕ್ಕೆ .375, ಅಂದರೆ 9.5 ಮಿಲಿಮೀಟರ್. ಕೆಲವಕ್ಕೆ .380 ಬೇಕಾಗುತ್ತದೆ. .44ಕ್ಕೆ .451 ಅಥವಾ .454, ಅಂದರೆ 11.5 ಮಿಲಿಮೀಟರ್ ಆಸುಪಾಸು.

ಈಗಿನ ತೋಟೆಗಳ (ಗುಂಡು, ಮದ್ದು, ಕೇಪು ಎಲ್ಲ ಒಂದೇ ಹಿತ್ತಾಳೆ ಕೊಳವೆಯಲ್ಲಿರುವುದು) ಹೆಸರಿನ ಜೊತೆ ಇದನ್ನು ಬೆರೆಸಿದರೆ ಪೂರ್ತಿ ಗೊಂದಲ. ಇವತ್ತಿನ .44 ಮ್ಯಾಗ್ನಮ್ ತೋಟೆಯ ಗುಂಡು .429 ಇಂಚು ಮಾತ್ರ. ಕೇಪಿನ .44ಕ್ಕೆ ಅದು ಸಡಿಲ. ಕೇಪಿನ .44 ಅಳತೆಯಲ್ಲಿ ಈಗಿನ .45ಕ್ಕೆ ಹತ್ತಿರ. ಅಂಗಡಿಯಲ್ಲಿ '.44 ಗುಂಡು ಕೊಡಿ' ಅಂದರೆ ಏನು ಬೇಕಾದರೂ ಬರಬಹುದು. ಇಂಚಿನ ಮೂರು ಅಂಕಿ ಹೇಳಿ ಕೇಳಿ.

.38ರ ಕಥೆ ಇದಕ್ಕಿಂತ ಚೆನ್ನಾಗಿದೆ. ಹಿಂದಿನಿಂದ ತೋಟೆ ತುಂಬುವ ಸಿಲಿಂಡರಿನ ಪೇಟೆಂಟ್ 1869ರಲ್ಲಿ ಮುಗಿಯಿತು. ಆಮೇಲೆ ಕೋಲ್ಟ್‌ನವರು .36 ನೇವಿಗಳನ್ನು ತೋಟೆ ಹಾಕುವಂತೆ ಬದಲಿಸಿದರು. ಆ ಚೇಂಬರಿಗೆ ಹೊಂದುವ ತೋಟೆಯ ಹಿತ್ತಾಳೆ ಕೊಳವೆ .38 ಹತ್ತಿರ ಬಂತು. ಗುಂಡು .375, ಕೊಳವೆಯ ಹೊರಮೈಯಷ್ಟೇ ದಪ್ಪ, ಬುಡ ಮಾತ್ರ ಸಣ್ಣಗೆ ಮಾಡಿ ಕೊಳವೆಯೊಳಗೆ ಕೂರಿಸುತ್ತಿದ್ದರು. ಮುಂದೆ ಇಡೀ ಗುಂಡನ್ನೇ ಕೊಳವೆಯೊಳಗೆ ಇಳಿಸಿದಾಗ ಅದು ತೆಳ್ಳಗಾಗಿ .357 ಆಯಿತು. ಹೆಸರು ಮಾತ್ರ .38 ಆಗಿಯೇ ಉಳಿಯಿತು. ಅದಕ್ಕೇ ಇವತ್ತಿಗೂ .38 ಸ್ಪೆಷಲ್ ತೋಟೆಯನ್ನು .357 ಮ್ಯಾಗ್ನಮ್ ರಿವಾಲ್ವರಿನಲ್ಲಿ ಹಾರಿಸಬಹುದು.

'ಆರ್ಮಿ', 'ನೇವಿ' ಪದಗಳೂ ಹಾಗೆಯೇ. ಹಳೆಯ ರೂಢಿಯಲ್ಲಿ ಆರ್ಮಿ ಅಂದರೆ .44, ನೇವಿ ಅಂದರೆ .36. ನಕಲುಗಳಲ್ಲಿ ಈ ರೂಢಿ ಮುರಿದಿದೆ. ಡಬ್ಬಿಯ ಮೇಲೆ 'ನೇವಿ .44' ಅಂತ ಧಾರಾಳವಾಗಿ ಬರೆದಿರುತ್ತಾರೆ.

7. ಅಳೆಯುವುದು

ಗುಂಡಿನ ಅಳತೆ ನಿರ್ಧರಿಸುವುದು ನಳಿಗೆಯಲ್ಲ, ಚೇಂಬರ್. ಗುಂಡು ಒಳಗೆ ಹೋಗುವುದು ಅಲ್ಲಿಂದಲೇ ಅಲ್ವಾ? ಒಂದು ವರ್ನಿಯರ್ ಕ್ಯಾಲಿಪರ್ ತನ್ನಿ. ಖಾಲಿ ಸಿಲಿಂಡರನ್ನು ಚೆನ್ನಾಗಿ ಒರೆಸಿ. ಕ್ಯಾಲಿಪರಿನ ಮೇಲಿನ ಚಿಕ್ಕ ದವಡೆಗಳನ್ನು ಚೇಂಬರಿನ ಬಾಯಲ್ಲಿ ಅಗಲಿಸಿ ಅಳೆಯಿರಿ. ಮೆಲ್ಲಗೆ ಅಲ್ಲಾಡಿಸಿ ಅತಿ ಹೆಚ್ಚು ಬರುವ ಅಂಕಿ ಹಿಡಿಯಿರಿ. ಆರೂ ಚೇಂಬರ್ ಅಳೆದು ಬರೆದುಕೊಳ್ಳಿ. ಎಲ್ಲ ಒಂದೇ ಇರುವುದಿಲ್ಲ.

ಆರರಲ್ಲಿ ದೊಡ್ಡ ಚೇಂಬರಿಗಿಂತ ಗುಂಡು ತುಸು ದಪ್ಪ ಇರಬೇಕು. ಲಿವರಿನಿಂದ ಒತ್ತಿದಾಗ ಚೇಂಬರಿನ ಬಾಯಿ ಗುಂಡಿನ ಸುತ್ತ ಸೀಸದ ತೆಳ್ಳನೆಯ ಉಂಗುರ ಕತ್ತರಿಸಿ ಹಾಕುತ್ತದೆ. ಆ ಉಂಗುರ ಪೂರ್ತಿ ದುಂಡಗೆ ಬಂದರೆ ಗುಂಡು ಸರಿ ಹೊಂದಿದೆ. ಉಂಗುರವೇ ಬರದೆ ಗುಂಡು ಸಲೀಸಾಗಿ ಇಳಿದರೆ ಅದನ್ನು ಬಳಸಬೇಡಿ. ಸಡಿಲ ಗುಂಡಿನ ಪಕ್ಕದಿಂದ ಬೆಂಕಿ ನುಗ್ಗಿ ಅಕ್ಕಪಕ್ಕದ ಚೇಂಬರ್‌ಗಳೂ ಒಟ್ಟಿಗೆ ಹಾರಬಹುದು. ನಾನು ಆಗಲೇ ಬೆರಳಿನ ಮಾತು ಹೇಳಿದ್ದು ಇದಕ್ಕೇ.

ನಳಿಗೆಯನ್ನೂ ತಿಳಿಯಬೇಕೆಂದರೆ ಮೆತ್ತನೆಯ ಸೀಸದ ಗುಂಡನ್ನು ಎಣ್ಣೆ ಹಚ್ಚಿ ಮರದ ಕಡ್ಡಿಯಿಂದ ಕಳಚಿದ ನಳಿಗೆಯೊಳಗೆ ನೂಕಿ ಹೊರತೆಗೆದು ಅಳೆಯುತ್ತಾರೆ. ಗೀರು ಆರಿದ್ದರೆ ಸುಲಭ. ಏಳಿದ್ದರೆ ಒಂದು ಗೀರಿಗೆ ಎದುರಾಗಿ ಏಣು ಬರುತ್ತದೆ, ಸಾಮಾನ್ಯ ಕ್ಯಾಲಿಪರಿನಲ್ಲಿ ಸರಿಯಾಗಿ ಸಿಗುವುದಿಲ್ಲ. ಇಟಲಿಯ ಎಷ್ಟೋ .44ಗಳಲ್ಲಿ ಚೇಂಬರ್ ನಳಿಗೆಯ ಗೀರಿಗಿಂತ ತುಸು ಸಣ್ಣದು. ಗುರಿ ಸ್ವಲ್ಪ ಚೆದುರಲು ಅದೂ ಒಂದು ಕಾರಣ.

ಮದ್ದಿನ ವಿಷಯದಲ್ಲಿ ಒಂದೇ ಮಾತು. ಇವುಗಳಿಗೆ ಕರಿಮದ್ದು ಅಥವಾ ಅದಕ್ಕೆ ಬದಲಾಗಿಯೇ ಮಾಡಿದ ಪುಡಿ ಮಾತ್ರ. ಈಗಿನ ಹೊಗೆಯಿಲ್ಲದ ಮದ್ದು ಒಂದು ಚಿಟಿಕೆಯೂ ಬೇಡ, ಸಿಲಿಂಡರ್ ಸಿಡಿಯುತ್ತದೆ. ಹಿತ್ತಾಳೆ ಫ್ರೇಮ್ ಭಾರಿ ಮದ್ದಿಗೆ ಬೇಗ ಹಿಗ್ಗಿ ಸಡಿಲವಾಗುತ್ತದೆ. ಎಷ್ಟು ಹಾಕಬೇಕೆಂದು ತಯಾರಕರ ಕೈಪಿಡಿಯಲ್ಲೇ ನೋಡಿ. ಗುರುತಿಲ್ಲದ ಕಿಟ್ ಆಗಿದ್ದರೆ ಬಂದೂಕು ರಿಪೇರಿಯವರಿಗೆ ಒಮ್ಮೆ ತೋರಿಸದೆ ಹಾರಿಸಬೇಡಿ.

8. ಕಾನೂನು

ಅಮೆರಿಕದ 1968ರ ಕೇಂದ್ರ ಕಾನೂನು ಇಂಥ ಕೇಪಿನ ನಕಲುಗಳನ್ನು ಬಂದೂಕಿನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿಯಲ್ಲಿ ಇದೂ ಪಿಸ್ತೂಲೇ, ಪರ್ಮಿಟ್ ಬೇಕು. ಮನೆ ಬದಲಿಸುವಾಗ ಹೊಸ ರಾಜ್ಯದ ನಿಯಮ ಓದಿ. ಭಾರತದಲ್ಲಿ 1959ರ ಆಯುಧ ಕಾಯ್ದೆಯಡಿ ಹಾರುವ ಸ್ಥಿತಿಯಲ್ಲಿರುವ ನಕಲೂ ಬಂದೂಕೇ, ಲೈಸೆನ್ಸ್ ಬೇಕು. ಗೋಡೆಗೆ ಅಲಂಕಾರ ಅಂತ ಸೂಟ್‌ಕೇಸಿನಲ್ಲಿ ಊರಿಗೆ ಒಯ್ಯುವ ಯೋಚನೆಯೇ ಬೇಡ.

ಡಬ್ಬಿಯ ರಿವಾಲ್ವರಿನ ಆರು ಚೇಂಬರ್ ಅಳೆದಾಗ 11.30ರಿಂದ 11.35 ಮಿಲಿಮೀಟರ್ ಬಂತು. .451 ಗುಂಡು ಅಂದರೆ 11.46. ಹೊಂದುತ್ತದೆ. ರಿಪೇರಿಯವರು ನೋಡಿ, ಬೆಣೆ ಸಡಿಲವಿದೆ, ಹಾರಿಸಬೇಡಿ ಅಂದರು. ಪಕ್ಕದ ಮನೆಯವರಿಗೆ ಹಾರಿಸುವ ಆಸೆಯೂ ಇರಲಿಲ್ಲ. ಒಂದು ರಟ್ಟಿನ ಚೀಟಿ ಬರೆದು ಟ್ರಿಗರ್ ಗಾರ್ಡಿಗೆ ದಾರದಿಂದ ಕಟ್ಟಿದರು: 'ಇಟಲಿ, 1977. ಕಿಟ್. .44, ಗುಂಡು .451. ಖಾಲಿ ಇದೆ. ಮಾಡಿದ್ದು ಮಾವ, ಗ್ಯಾರೇಜಿನಲ್ಲಿ.'